ಗೊರೂರು ಹಿನ್ನೀರಿಗೆ ಮೊದಲ ಹಾಯಿದೋಣಿ ಯಾವುದು ಕೊಳ್ಳಲಿ?

ಹಾಸನದಲ್ಲಿದ್ದೀರಿ, 11 ವರ್ಷದ ಮಗಳ ಜೊತೆ ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಹಾಯಿ ಕಲಿಯಬೇಕು, 16 ಅಡಿಯ ಹಳೆಯ ದೋಣಿಯೊಂದು ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಲೇ ಎಂದು ಕೇಳಿದ್ದೀರಿ. ಬೇಡ. ಅಂಥದ್ದನ್ನೇ ಕೊಂಡು ಕೈ ಸುಟ್ಟುಕೊಂಡವನು ನಾನು.

ನಮ್ಮ ಹಿನ್ನೀರಿನಲ್ಲಿ ಫಜೀತಿಯೆಲ್ಲ ದಡದ್ದು. ಮಳೆಗಾಲ ಮುಗಿಯುವಾಗ ಶೆಟ್ಟಿಹಳ್ಳಿ ಚರ್ಚು ಅರ್ಧ ಮುಳುಗಿರುತ್ತದೆ, ದೋಣಿಯನ್ನು ಹುಲ್ಲಿನ ಅಂಚಿನಿಂದಲೇ ನೂಕಬಹುದು. ಅದೇ ಚರ್ಚಿನೊಳಗೆ ಜನ ಫೋಟೊ ತೆಗೆಸಿಕೊಳ್ಳುತ್ತ ಓಡಾಡುವ ಬೇಸಿಗೆಗೆ ನೀರು ಎಲ್ಲೋ ಸರಿದು, ನಡುವೆ ಬರೀ ಕೆಸರು. ನನ್ನ ಮೊದಲ ದೋಣಿ 120 ಕೆ.ಜಿ. ಮೇಲಿತ್ತು. ನಾನು, ಮೂವರು ಗೆಳೆಯರು, ಒಂದು ಹಗ್ಗ, ಮೊಣಕಾಲುದ್ದ ಕೆಸರು. ನೀರು ಮುಟ್ಟುವಷ್ಟರಲ್ಲಿ ಗಾಳಿಯೇ ನಿಂತುಹೋಯಿತು. ಮುಂದಿನ ಭಾನುವಾರ ಮೂವರಲ್ಲಿ ಒಬ್ಬನೂ ಫೋನ್ ಎತ್ತಲಿಲ್ಲ.

ಹಾಗಾಗಿ ಉದ್ದ ಕೇಳುವ ಮೊದಲು ತೂಕ ಕೇಳಿ. ಮಕ್ಕಳ ಹಾಯಿದೋಣಿ ಆಪ್ಟಿಮಿಸ್ಟ್ 2.3 ಮೀಟರ್ ಉದ್ದ, 35 ಕೆ.ಜಿ. ಮಗಳಿಗೊಬ್ಬಳಿಗೇ ಆದರೆ ಕಣ್ಣು ಮುಚ್ಚಿ ಅದನ್ನೇ ಕೊಳ್ಳಿ. ಆದರೆ 15ರ ಹೊತ್ತಿಗೆ ಅದು ಸಾಲದಾಗುತ್ತದೆ, ನಿಮಗಂತೂ ಅದರಲ್ಲಿ ಕಾಲು ಮಡಚಲೂ ಜಾಗವಿಲ್ಲ. ನನ್ನ ಮತ ಲೇಸರ್ ಎಂಬ ದೋಣಿಗೆ. ಈಗ ಅದನ್ನು ಐಎಲ್‌ಸಿಎ ಎನ್ನುತ್ತಾರೆ. 4.2 ಮೀಟರ್, ಒಡಲಿನ ತೂಕ 59 ಕೆ.ಜಿ. ಎರಡು ಗಾಲಿಯ ಕೈಗಾಡಿಯಿದ್ದರೆ ಇಬ್ಬರೇ ಸಾಗಿಸಬಹುದು. ಅದೇ ಒಡಲಿಗೆ 4.7, 5.7, 7 ಚದರ ಮೀಟರಿನ ಮೂರು ಹಾಯಿಗಳು ಹೊಂದುತ್ತವೆ, ಕಂಬದ ಕೆಳತುಂಡು ಮಾತ್ರ ಬದಲಿಸಬೇಕು. ನೀವು ನಡುವಿನದರಲ್ಲಿ ಶುರುಮಾಡಿ. ಇನ್ನೆರಡು ವರ್ಷಕ್ಕೆ ಮಗಳು ಚಿಕ್ಕದನ್ನು ತಾನೇ ಹಿಡಿಯುತ್ತಾಳೆ. ಇದು ಒಬ್ಬರ ದೋಣಿ ನಿಜ, ಆದರೆ ಮೆಲುಗಾಳಿಯಲ್ಲಿ ಅವಳನ್ನೂ ಕೂರಿಸಿಕೊಳ್ಳಬಹುದು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ವಿಷ್ಣು ಸರವಣನ್ ಕಂಚು ಗೆದ್ದದ್ದು ಇದರಲ್ಲೇ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಇದರ ಸ್ಪರ್ಧೆಗಳು ನಡೆಯುತ್ತವೆ, ಹಳೆಯ ದೋಣಿಗೆ ಅಲ್ಲಿ ವಿಚಾರಿಸಿ.

ಹಳೆಯದನ್ನು ನೋಡಲು ಹೋದಾಗ ಬಣ್ಣಕ್ಕೆ ಮರುಳಾಗಬೇಡಿ. ಕಂಬ ನಿಲ್ಲಿಸುವ ಕುಳಿಗೆ ನೀರು ತುಂಬಿ, ಟೀ ಕುಡಿದು ಬನ್ನಿ. ಮಟ್ಟ ಇಳಿದಿದ್ದರೆ ಒಳಗೆ ಸೋರುತ್ತಿದೆ ಎಂದರ್ಥ. ಜೋರು ಗಾಳಿಗೆ ಕಂಬ ಕಿತ್ತುಬರುವುದು ಅಲ್ಲಿಂದಲೇ. ಸಾಧ್ಯವಾದರೆ ತಕ್ಕಡಿಗೆ ಹಾಕಿಸಿ. 59 ಇರಬೇಕಾದ್ದು 70 ತೂಗಿದರೆ ನೀರು ಕುಡಿದಿದೆ.

ಮಗುಚುವುದಂತೂ ಖಂಡಿತ. ತಳದಿಂದ ಚಾಚಿದ ಹಲಗೆಯ ಮೇಲೆ ನಿಂತು ಹಿಂದಕ್ಕೆ ವಾಲಿದರೆ ದೋಣಿ ಮತ್ತೆ ನೆಟ್ಟಗಾಗುತ್ತದೆ. ಇದನ್ನು ಸೊಂಟದುದ್ದ ನೀರಿನಲ್ಲೇ ಹತ್ತು ಸಲ ಮಾಡಿ ಕಲಿಯಿರಿ. ನೀರು ಇಳಿದ ಕಾಲದಲ್ಲಿ ಮರದ ಬೊಡ್ಡೆಗೋ ಬಂಡೆಗೋ ತಾಗುವ ಭಯವಿರುವ ಕಡೆ ಅದೇ ಹಲಗೆಯನ್ನು ಅರ್ಧ ಮೇಲೆಳೆದುಕೊಳ್ಳಿ. ಲೈಫ್ ಜಾಕೆಟ್ ಇಬ್ಬರಿಗೂ ಇರಲಿ, ಈಜು ಬಂದರೂ. ನೀರಾವರಿ ಕಚೇರಿಯ ಅನುಮತಿ ಮೊದಲೇ ಕೇಳಿಕೊಳ್ಳಿ, ಅಣೆಕಟ್ಟೆಯ ಹತ್ತಿರ ಸುಳಿಯಬೇಡಿ.

ಅಂದಹಾಗೆ, ಆ 16 ಅಡಿಯದು ನೀಲಿ ಬಣ್ಣದ್ದೇ? ಹಿಂಬದಿಯಲ್ಲಿ ಅಂಗೈಯಗಲ ತೇಪೆ ಇದ್ದರೆ ಅದು ನಾನು ಮಾರಿದ್ದೇ.