ಸ್ನೋಮೊಬೈಲ್ ಹುಚ್ಚಿಗೆ ಡಲ್ಲಾಸ್ ಬಿಟ್ಟು ಐಡಹೊ ಬೆಟ್ಟಗಳ ಕಡೆ ಮನೆ ಮಾಡಬಹುದೇ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಎಲ್ಲಿಂದ ಬೇಕಾದರೂ ಕೆಲಸ ಮಾಡಿ ಅಂತ ಮ್ಯಾನೇಜರ್ ಹೇಳಿದ್ದಾರೆ, ಎಂಟು ವರ್ಷದ ಮಗಳಿದ್ದಾಳೆ. ಹೋದ ಚಳಿಗಾಲ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಗೈಡ್ ಜೊತೆ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಮೋಟಾರು ಗಾಡಿ, ಓಡಿಸಿದಾಗಿನಿಂದ ತಲೆಯಲ್ಲಿ ಬೇರೇನೂ ಇಲ್ಲ. ಈಗ ಐಡಹೊ ರಾಜ್ಯದ ಐಲ್ಯಾಂಡ್ ಪಾರ್ಕ್ ಊರಿನಲ್ಲಿ ಒಂದು ಮರದ ಮನೆ ಕಣ್ಣಿಗೆ ಬಿದ್ದಿದೆ. ರೇಟು ಅಕ್ಕಪಕ್ಕದ ಮನೆಗಳಿಗಿಂತ ಕಡಿಮೆ. "ಚಳಿಗಾಲದಲ್ಲಿ ಸ್ನೋಮೊಬೈಲಿನಲ್ಲೇ ಮನೆ ಬಾಗಿಲಿಗೆ" ಅಂತ ಜಾಹೀರಾತಿನಲ್ಲಿದೆ. ಕೊಂಡುಬಿಡಲಾ ಅಂತ ಕೇಳಿದ್ದೀರಿ.

ಬನ್ನಿ, ಖಂಡಿತ ಬನ್ನಿ. ಆ ಮನೆ ಮಾತ್ರ ಬೇಡ.

ನಾನು ಇರುವುದು ಆಶ್ಟನ್‌ನಲ್ಲಿ. ಐಲ್ಯಾಂಡ್ ಪಾರ್ಕ್‌ಗೆ ಹತ್ತುವ ಏರಿನ ಕೆಳಗಿರುವ ಆಲೂಗಡ್ಡೆ ಊರು. ಹೆಂಡತಿಗೆ ಈ ಕಡೆ ಕೆಲಸ ಸಿಕ್ಕಿದ್ದರಿಂದ ಬಂದವರು, ಸ್ನೋಮೊಬೈಲ್ ಆಮೇಲೆ ಅಂಟಿಕೊಂಡಿತು. ಇಲ್ಲಿಯವರು ಅದನ್ನು ಸುಮ್ನೆ ಸ್ಲೆಡ್ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಸ್ಲೆಡ್‌ನಲ್ಲೇ ಮನೆ ಬಾಗಿಲಿಗೆ ಅಂದರೆ ಆ ರಸ್ತೆಯ ಹಿಮವನ್ನು ಯಾರೂ ತೆಗೆಯುವುದಿಲ್ಲ ಅಂತ ಅರ್ಥ. ಹಿಮ ಕೂತ ದಿನದಿಂದ ಏಪ್ರಿಲ್ ಕೊನೆ ಅಥವಾ ಮೇವರೆಗೂ ಕಾರು ಹೆದ್ದಾರಿ ಪಕ್ಕದ ಪಾರ್ಕಿಂಗ್‌ನಲ್ಲೇ ಇರಬೇಕು. ಅಲ್ಲಿಂದ ಅಕ್ಕಿ ಮೂಟೆ, ಹಾಲು, ಮಗಳ ಸ್ಕೂಲ್ ಬ್ಯಾಗು, ಮಗಳು, ಎಲ್ಲವೂ ಸ್ಲೆಡ್ ಮೇಲೇ. ರಜೆಗೆ ಬಂದವರಿಗೆ ಇದು ಮಜಾ. ದಿನಾ ಬೆಳಿಗ್ಗೆ ಏಳಕ್ಕೆ, ಮೈನಸ್ ಇಪ್ಪತ್ತೈದು ಡಿಗ್ರಿಯಲ್ಲಿ, ಒಂಬತ್ತಕ್ಕೆ ಮೀಟಿಂಗ್ ಇಟ್ಟುಕೊಂಡು ಮಾಡುವ ಕೆಲಸ ಅಲ್ಲ. ಮನೆ ಬಿಸಿ ಮಾಡುವ ಪ್ರೊಪೇನ್ ಗ್ಯಾಸಿನ ಲಾರಿ ಅಲ್ಲಿಗೆ ಬರುವುದಿಲ್ಲ, ಅಕ್ಟೋಬರಿನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಬೇಕು. ಆಂಬುಲೆನ್ಸ್ ಕೂಡ ಬರುವುದಿಲ್ಲ. ರೇಟು ಕಡಿಮೆ ಇರುವುದು ಅದಕ್ಕೇ. ಅಂಥ ಮನೆ ಇಟ್ಟುಕೊಂಡವರು ಹೆಚ್ಚಾಗಿ ವಾರಾಂತ್ಯಕ್ಕೆ ಬಂದುಹೋಗುವ ಮಂದಿ. ಬುಧವಾರ ಸಂಜೆ ಅಲ್ಲಿ ದೀಪ ಹತ್ತಿದ ಮನೆ ಹುಡುಕುವುದೇ ಕಷ್ಟ.

ಆದ್ದರಿಂದ ಮನೆ ನೋಡುವಾಗ ಟ್ರೇಲ್, ಅಂದರೆ ಸ್ಲೆಡ್ ಓಡಿಸುವ ಹಿಮದ ದಾರಿ, ಎಷ್ಟು ಹತ್ತಿರ ಅಂತ ಕೇಳಬೇಡಿ. ರಸ್ತೆ ಯಾರದು, ಹಿಮ ಯಾರು ತೆಗೆಯುತ್ತಾರೆ, ದುಡ್ಡು ಯಾರು ಕೊಡುತ್ತಾರೆ ಅಂತ ಕೇಳಿ. ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ರಸ್ತೆಯಾದರೆ ಹಿಮ ತೆಗೆಯುವ ಪ್ಲೋ ಗಾಡಿ ಬರುತ್ತದಾ, ಎಷ್ಟು ಹೊತ್ತಿಗೆ ಬರುತ್ತದೆ? ಬಡಾವಣೆಯ ಖಾಸಗಿ ರಸ್ತೆಯಾದರೆ ಎಲ್ಲರೂ ಸೇರಿ ಯಾರಿಗಾದರೂ ಗುತ್ತಿಗೆ ಕೊಟ್ಟಿದ್ದಾರಾ, ಬಾಯಿಮಾತಿನಲ್ಲೇ ನಡೆಯುತ್ತಿದೆಯಾ? ಏಜೆಂಟರು ಇದಕ್ಕೆ ನಗುನಗುತ್ತಾ ಏನೋ ಹೇಳಿ ಮುಗಿಸುತ್ತಾರೆ. ನೀವು ಕಾಗದದಲ್ಲಿ ಬರೆಸಿಕೊಳ್ಳಿ.

ಇನ್ನು ಊರುಗಳ ವಿಷಯ. ಐಲ್ಯಾಂಡ್ ಪಾರ್ಕ್ ಹೆಸರಿಗೆ ಊರು. 20ನೇ ನಂಬರ್ ಹೆದ್ದಾರಿಯ ಉದ್ದಕ್ಕೂ 33 ಮೈಲಿ ಎಳೆದ ಗೆರೆ ಅದು. 1947ರಲ್ಲಿ ಐಡಹೊದಲ್ಲಿ ಊರಿನ ಮಿತಿಯೊಳಗಿದ್ದರೆ ಮಾತ್ರ ಹೆಂಡದ ಲೈಸೆನ್ಸ್ ಎಂಬ ಕಾನೂನು ಬಂತು. ಹೆದ್ದಾರಿ ಪಕ್ಕದ ಲಾಡ್ಜ್‌ನವರೆಲ್ಲ ಸೇರಿ ರಸ್ತೆಯನ್ನೇ ಊರು ಮಾಡಿಕೊಂಡರು! ಈಗ ಅಮೆರಿಕದ ಅತಿ ಉದ್ದದ ಮೇನ್ ಸ್ಟ್ರೀಟ್ ಅಂತ ಬೋರ್ಡು ಹಾಕಿಕೊಂಡಿದ್ದಾರೆ. ವರ್ಷಪೂರ್ತಿ ಇರುವವರು ಕೆಲವೇ ನೂರು ಜನ. ಎತ್ತರ ಸುಮಾರು 6,300 ಅಡಿ. ಹಿಮಕ್ಕೆ ಬರವಿಲ್ಲ, ಗ್ರೂಮ್ ಮಾಡಿದ, ಅಂದರೆ ಯಂತ್ರದಿಂದ ಹಿಮ ಸಮ ಮಾಡಿದ ಟ್ರೇಲ್‌ಗಳು ನೂರಾರು ಮೈಲಿ ಇವೆ. ಆದರೆ ದೊಡ್ಡ ತರಗತಿಗಳ ಮಕ್ಕಳು ಬಸ್ಸಿನಲ್ಲಿ ಆಶ್ಟನ್‌ಗೆ ಇಳಿಯಬೇಕು. ಆ ಏರಿನ ರಸ್ತೆ ಹಿಮಗಾಳಿ ಎದ್ದ ದಿನ ಮುಚ್ಚಿಯೂ ಹೋಗುತ್ತದೆ.

ಉತ್ತರಕ್ಕೆ ಗಡಿ ದಾಟಿದರೆ ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್. ಅದು ನಿಜವಾದ ಊರು. ಶಾಲೆ ಇದೆ, ಅಂಗಡಿ ಇದೆ, ಸ್ಲೆಡ್ ಅನ್ನು ಮನೆಯಿಂದಲೇ ಬೀದಿಯಲ್ಲಿ ಓಡಿಸಿಕೊಂಡು ಟ್ರೇಲ್ ಸೇರಬಹುದು. ಮನೆ ಸಿಗುವುದು ಕಷ್ಟ, ಸಿಕ್ಕರೆ ದುಬಾರಿ. ಚಳಿಯೂ ಖಡಕ್. ಅದರ ಹತ್ತಿರದ ರಿವರ್‌ಸೈಡ್ ಠಾಣೆಯಲ್ಲಿ 1933ರ ಫೆಬ್ರವರಿಯಲ್ಲಿ ಮೈನಸ್ 66 ಫ್ಯಾರನ್‌ಹೀಟ್, ಅಂದರೆ ಮೈನಸ್ 54 ಸೆಲ್ಸಿಯಸ್ ಆಗಿತ್ತು. ಅಷ್ಟು ದಿನಾ ಆಗುವುದಿಲ್ಲ, ಹೆದರಬೇಡಿ. ಮೈನಸ್ ಮೂವತ್ತು ಮಾತ್ರ ಕಾಣದೆ ಇರುವುದಿಲ್ಲ.

ಯೆಲ್ಲೋಸ್ಟೋನ್‌ನ ಈಶಾನ್ಯ ಮೂಲೆಯ ಹೊರಗಿರುವ ಮೊಂಟಾನಾದ ಪುಟ್ಟ ಊರು ಕುಕ್ ಸಿಟಿಯ ವಿಡಿಯೊಗಳನ್ನೂ ನೋಡಿರುತ್ತೀರಿ. ಸ್ವರ್ಗ ನಿಜ. ಚಳಿಗಾಲದಲ್ಲಿ ಅಲ್ಲಿಗೆ ಕಾರು ಹೋಗುವುದು ಪಶ್ಚಿಮದಿಂದ, ಯೆಲ್ಲೋಸ್ಟೋನ್ ಪಾರ್ಕ್ ಒಳಗಿನ ಒಂದೇ ರಸ್ತೆಯಲ್ಲಿ. ಪೂರ್ವಕ್ಕೆ ಹೆದ್ದಾರಿಯ ಒಂದು ತುಂಡನ್ನು ಹಿಮ ತೆಗೆಯದೆ ಹಾಗೇ ಬಿಡುತ್ತಾರೆ, ಅಲ್ಲಿ ಸ್ಲೆಡ್‌ಗಳದೇ ಓಡಾಟ. 2022ರ ಜೂನ್ ಪ್ರವಾಹದಲ್ಲಿ ಪಶ್ಚಿಮದ ರಸ್ತೆಯೂ ಕೊಚ್ಚಿಹೋಗಿತ್ತು. ಮಗು ಇರುವ ಮನೆಗೆ ಅದು ಬೇಡ.

ನನ್ನ ಓಟು ಆಶ್ಟನ್ ಅಥವಾ ರೆಕ್ಸ್‌ಬರ್ಗ್‌ಗೆ. ಪಿಕಪ್ ಹಿಂದೆ ಸ್ಲೆಡ್ ಕಟ್ಟಿಕೊಂಡು ಅರ್ಧ-ಮುಕ್ಕಾಲು ಗಂಟೆ ಡ್ರೈವ್ ಮಾಡಿದರೆ ಟ್ರೇಲ್. ವಾಪಸ್ ಬಂದರೆ ಪ್ಲೋ ಆದ ರಸ್ತೆ, ಶಾಲೆ, ಇಂಟರ್ನೆಟ್. ರೆಕ್ಸ್‌ಬರ್ಗ್‌ನಲ್ಲಿ ಆಸ್ಪತ್ರೆಯೂ ಇದೆ. ಇಡೀ ಪ್ರದೇಶದಲ್ಲಿ ಮಾರ್ಮನ್ ಚರ್ಚಿಗೆ ಸೇರಿದ ಕುಟುಂಬಗಳು ಜಾಸ್ತಿ. ಕಾಫಿ ಕುಡಿಯದ ಜನ, ಆದರೆ ಕಾರು ಹಳ್ಳಕ್ಕೆ ಇಳಿದರೆ ಕೇಳದೆಯೇ ಟ್ರ್ಯಾಕ್ಟರ್ ತರುತ್ತಾರೆ. ಆಲೂಗಡ್ಡೆ ಕೀಳುವ ಕಾಲಕ್ಕೆ ಶಾಲೆಗೆ ರಜೆ ಕೊಡುವ ಊರುಗಳಿವು. 1917ರಿಂದ ಆಶ್ಟನ್‌ನಲ್ಲಿ ನಾಯಿಬಂಡಿ ಓಟದ ಪರಂಪರೆ ಇದೆ, ನಿಮ್ಮ ಮಗಳಿಗೆ ಸ್ಲೆಡ್‌ಗಿಂತ ಅದೇ ಇಷ್ಟ ಆಗಬಹುದು.

ಚಳಿಗಾಲದ ಮನೆ ಅಂದರೆ, ನಾನು ತೀರ್ಥಹಳ್ಳಿ ಕಡೆಯವನು, ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಕಟ್ಟಿಗೆ, ಹಪ್ಪಳ, ದರಗು ಎಲ್ಲ ಕೂಡಿಡುತ್ತಿದ್ದರಲ್ಲ, ಅದೇ ಲೆಕ್ಕ. ಸೆಪ್ಟೆಂಬರ್ ಒಳಗೆ ಸೌದೆ ಒಣಗಿ ಪೇರಿಸಿರಬೇಕು. ಅರಣ್ಯ ಇಲಾಖೆಯ ಪರ್ಮಿಟ್ ತೆಗೆದುಕೊಂಡು ನೀವೇ ಒಣಮರ ಕಡಿದು ತರಬಹುದು. ಮನೆ ನೋಡಲು ಹೋದಾಗ ಛಾವಣಿ ನೋಡಿ. ತಗಡಿನ ಛಾವಣಿಯಿಂದ ಹಿಮ ಒಂದೇ ಸಲಕ್ಕೆ ಜಾರಿ ಬೀಳುತ್ತದೆ. ಅದು ಬೀಳುವ ಜಾಗ ಮುಂಬಾಗಿಲಾ, ಕಾರು ನಿಲ್ಲಿಸುವ ಜಾಗವಾ, ಗ್ಯಾಸ್ ಮೀಟರಾ? ಹೀಟರ್‌ನ ಹೊಗೆ ಕೊಳವೆ ಗೋಡೆಯಲ್ಲಿ ತಗ್ಗಿನಲ್ಲಿದ್ದರೆ ಹಿಮ ಮುಚ್ಚಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ತುಂಬಬಹುದು. ಅದನ್ನು ಪತ್ತೆ ಮಾಡುವ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ. ಕೊಳ್ಳುವ ಮುಂಚೆ ಇನ್ಶೂರೆನ್ಸ್ ಕೊಡುತ್ತಾರಾ ಅಂತಲೂ ಕೇಳಿ. ಹಿಮದ ಊರಿಗೆ ಬೆಂಕಿ ಭಯವೇ ಅನ್ನಬೇಡಿ. 1988ರ ಯೆಲ್ಲೋಸ್ಟೋನ್ ಕಾಡ್ಗಿಚ್ಚುಗಳಲ್ಲಿ ಅತಿ ದೊಡ್ಡದರಲ್ಲಿ ಒಂದಾದ ನಾರ್ತ್ ಫೋರ್ಕ್ ಬೆಂಕಿ ಶುರುವಾಗಿದ್ದು ಇದೇ ಐಲ್ಯಾಂಡ್ ಪಾರ್ಕ್ ಹತ್ತಿರದ ಕಾಡಿನಲ್ಲಿ, ಮರ ಕಡಿಯುವವರು ಎಸೆದ ಸಿಗರೇಟಿನಿಂದ.

ಈಗ ಸ್ಲೆಡ್. ನೀವು ಯೆಲ್ಲೋಸ್ಟೋನ್ ಒಳಗೆ ಓಡಿಸಿದ್ದು ಒಂದು ಲೋಕ, ಹೊರಗಿನದು ಇನ್ನೊಂದು. ಪಾರ್ಕ್ ಒಳಗೆ ರಸ್ತೆ ಬಿಟ್ಟು ಇಳಿಯುವ ಹಾಗಿಲ್ಲ, ವೇಗಕ್ಕೆ 35 ಮೈಲಿ ಮಿತಿ. ಹೊಗೆ-ಸದ್ದಿನ ನಿಯಮ ಪಾಸಾದ ಗಾಡಿಗಳಿಗೆ ಮಾತ್ರ ಪ್ರವೇಶ. ಜೊತೆಗೆ ಗೈಡ್ ಬೇಕು, ಇಲ್ಲವೇ ಲಾಟರಿಯಲ್ಲಿ ಪರ್ಮಿಟ್ ಹೊಡೆಯಬೇಕು. ದಿನಕ್ಕೆ ಒಂದು ಗೇಟಿಗೆ ಒಂದೇ ಗುಂಪು, ಐದು ಸ್ಲೆಡ್‌ವರೆಗೆ. ಹೊರಗಿನ ಕಾಡಿನಲ್ಲಿ ಇದ್ಯಾವುದೂ ಇಲ್ಲ. ವೆಸ್ಟ್ ಯೆಲ್ಲೋಸ್ಟೋನ್‌ನಿಂದ ಟೂ ಟಾಪ್ ಬೆಟ್ಟಕ್ಕೆ ಹತ್ತಿದರೆ ಸುಮಾರು 8,700 ಅಡಿಯಲ್ಲಿ ಮರಗಳು ಹಿಮ ಹೊದ್ದು ದೆವ್ವಗಳ ಹಾಗೆ ನಿಂತಿರುತ್ತವೆ. ಮೊದಲು ಅಂಥ ಗ್ರೂಮ್ ಆದ ಟ್ರೇಲ್‌ಗಳಲ್ಲೇ ಒಂದು ಸೀಸನ್ ಕಳೆಯಿರಿ.

ಟ್ರೇಲ್ ಬಿಟ್ಟು ಪುಡಿ ಹಿಮಕ್ಕೆ ಇಳಿಯಲು ಮೌಂಟನ್ ಸ್ಲೆಡ್ ಬೇಕು. ಗಾಡಿಯನ್ನು ಹಿಮದ ಮೇಲೆ ತಳ್ಳುವ ರಬ್ಬರ್ ಪಟ್ಟಿ, ಅಂದರೆ ಟ್ರ್ಯಾಕ್, 154 ಅಥವಾ 165 ಇಂಚು, ಅದಕ್ಕೆ ಎರಡೂವರೆ-ಮೂರು ಇಂಚಿನ ಹಲ್ಲುಗಳು, ಟೂ-ಸ್ಟ್ರೋಕ್ ಎಂಜಿನ್. ಹೊಸದಕ್ಕೆ 15,000 ಡಾಲರ್ ಮೇಲೆಯೇ, ಟರ್ಬೊ ಬೇಕೆಂದರೆ ಇನ್ನೂ ಜಾಸ್ತಿ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಶೋಕಿಗೆ ಮಾತ್ರ ಅಲ್ಲ. ಎತ್ತರದ ತೆಳು ಗಾಳಿಯಲ್ಲಿ ಸಾಧಾರಣ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಟೂ ಟಾಪ್ ಮೇಲೆ ಕಾಲು ಭಾಗ ಹೋಗಿರುತ್ತದೆ. ಆದರೂ ಮೊದಲನೇ ಸ್ಲೆಡ್ ಹಳೆಯದನ್ನೇ ಕೊಳ್ಳಿ, ಏಪ್ರಿಲ್‌ನಲ್ಲಿ, ರೇಟು ಇಳಿದಾಗ. ಸ್ಕೀ-ಡೂ ಒಳ್ಳೆಯದಾ ಪೊಲಾರಿಸ್ ಒಳ್ಳೆಯದಾ ಅನ್ನುವ ಜಗಳಕ್ಕೆ ಇಲ್ಲಿ ಕೊನೆಯಿಲ್ಲ. ಹತ್ತಿರದ ಮೆಕ್ಯಾನಿಕ್ ಯಾವುದನ್ನು ರಿಪೇರಿ ಮಾಡುತ್ತಾನೋ ಅದೇ ಒಳ್ಳೆಯದು. ಯಮಹಾ ಬೇಡ, ಅವರು ಸ್ನೋಮೊಬೈಲ್ ವ್ಯಾಪಾರ ಬಿಡುವುದಾಗಿ 2023ರಲ್ಲೇ ಹೇಳಿದರು. ರಿಜಿಸ್ಟ್ರೇಷನ್ ಮಾಡಿಸುವಾಗ ಆ ದುಡ್ಡು ಯಾವ ಕೌಂಟಿಯ ಟ್ರೇಲ್‌ಗೆ ಹೋಗಬೇಕು ಅಂತ ಐಡಹೊದಲ್ಲಿ ಕೇಳುತ್ತಾರೆ. ನೀವು ಓಡಿಸುವ ಕೌಂಟಿಯನ್ನೇ ಹೇಳಿ.

ಹಿಮಕುಸಿತದ ಬಗ್ಗೆ ನೀವು ಒಂದು ಸಾಲೂ ಕೇಳಿಲ್ಲ. ನಾನು ಹೇಳದೆ ಬಿಡುವುದಿಲ್ಲ.

ಟ್ರೇಲ್ ಬಿಟ್ಟ ಮರುಕ್ಷಣ ನೀವು ಹಿಮಕುಸಿತದ ಸೀಮೆಯಲ್ಲಿರಬಹುದು. ಇಳಿಜಾರು 30 ಡಿಗ್ರಿ ದಾಟಿದರೆ ಜಾರುತ್ತದೆ, ಸ್ಲೆಡ್‌ನವರಿಗೆ ಹತ್ತಲು ಆಸೆಯಾಗುವುದೂ ಸರಿಯಾಗಿ ಅಂಥ ಇಳಿಜಾರೇ. ಜನ ಸಿಕ್ಕಿಕೊಂಡ ಹಿಮಕುಸಿತಗಳಲ್ಲಿ ಹೆಚ್ಚಿನವನ್ನು ಶುರು ಮಾಡಿದ್ದು ಅವರೇ, ಇಲ್ಲವೇ ಅವರ ಗುಂಪಿನವರೇ. ಹೂತುಹೋದವರು ಬದುಕುವ ಅವಕಾಶ ಹತ್ತು-ಹದಿನೈದು ನಿಮಿಷ ಕಳೆದ ಮೇಲೆ ಬೇಗ ಕುಸಿಯುತ್ತದೆ. ರಕ್ಷಣಾ ತಂಡ ಅಷ್ಟರಲ್ಲಿ ಬರಲು ಸಾಧ್ಯವೇ ಇಲ್ಲ. ಪಕ್ಕದಲ್ಲಿರುವ ಗೆಳೆಯನೇ ತೆಗೆಯಬೇಕು. ಅದಕ್ಕೆ ಪ್ರತಿಯೊಬ್ಬರ ಮೈಮೇಲೆ ಹೂತವರನ್ನು ಹುಡುಕಲು ರೇಡಿಯೊ ಸಿಗ್ನಲ್ ಕಳಿಸುವ-ಹಿಡಿಯುವ ಬೀಕನ್, ಬೆನ್ನ ಚೀಲದಲ್ಲಿ ಸಲಿಕೆ ಮತ್ತು ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು ಇರಬೇಕು. ಸ್ಲೆಡ್‌ಗೆ ಕಟ್ಟಿಟ್ಟರೆ ಪ್ರಯೋಜನವಿಲ್ಲ, ಸ್ಲೆಡ್ ಒಂದು ಕಡೆ, ನೀವು ಒಂದು ಕಡೆ ಆಗಿರುತ್ತೀರಿ. ಫೋನು, ಬಿಸಿ ಗ್ಲೌಸು ಇವು ಬೀಕನ್ನಿನ ಸಿಗ್ನಲ್ ಕೆಡಿಸುತ್ತವೆ. ಕನಿಷ್ಠ 20 ಸೆಂಟಿಮೀಟರ್ ದೂರ ಇಡಿ, ಹುಡುಕುವಾಗ 50.

ಇನ್ನೊಂದು ನಿಯಮ ಸ್ಲೆಡ್‌ನವರಿಗೆ ಪಾಲಿಸುವುದು ಕಷ್ಟ. ಇಳಿಜಾರಿನ ಮೇಲೆ ಒಂದು ಸಲಕ್ಕೆ ಒಬ್ಬರೇ. ಗೆಳೆಯನ ಗಾಡಿ ಅರ್ಧ ಬೆಟ್ಟದಲ್ಲಿ ಹೂತಿತು ಅಂದುಕೊಳ್ಳಿ. ಎರಡು ನೂರು ಕಿಲೊ ಭಾರ, ಒಬ್ಬನೇ ಒದ್ದಾಡುತ್ತಿದ್ದಾನೆ. ಹೋಗಿ ಒಂದು ಕೈ ಹಾಕೋಣ ಅಂತ ಅನಿಸದೇ ಇರುವುದಿಲ್ಲ. ಹೋಗಬೇಡಿ. ಎರಡನೇ ಗಾಡಿಯ ಭಾರಕ್ಕೇ ಇಡೀ ಮೇಲ್ಮೈ ಕಿತ್ತುಕೊಂಡು ಬರಬಹುದು. ಸುರಕ್ಷಿತ ಜಾಗದಲ್ಲಿ ನಿಂತು ಅವನ ಮೇಲೆ ಕಣ್ಣಿಡುವುದೇ ನೀವು ಮಾಡುವ ಸಹಾಯ.

ಮೊಂಟಾನಾದ ಬೋಜ್‌ಮನ್‌ನಲ್ಲಿರುವ ಗ್ಯಾಲಟಿನ್ ಅವಲಾಂಚ್ (ಹಿಮಕುಸಿತ) ಸೆಂಟರ್ ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಮುನ್ಸೂಚನೆ ಹಾಕುತ್ತದೆ. ವೆಸ್ಟ್ ಯೆಲ್ಲೋಸ್ಟೋನ್ ಸುತ್ತಲಿನ ಬೆಟ್ಟಗಳೂ ಅದರಲ್ಲಿ ಸೇರಿವೆ. ಐದು ಹಂತದ ಅಪಾಯ ಪಟ್ಟಿಯಲ್ಲಿ ಮೂರನೆಯದನ್ನು "ನಡುವಿನದಲ್ವಾ, ಪರವಾಗಿಲ್ಲ" ಅಂತ ಓದಬೇಡಿ. ಜಾಸ್ತಿ ಜನ ಸಾಯುವುದು ಮೂರರ ದಿನಗಳಲ್ಲೇ, ನಾಲ್ಕು-ಐದರ ದಿನ ಹೆಚ್ಚಿನವರು ಹುಷಾರಾಗಿರುತ್ತಾರೆ. ಸ್ಲೆಡ್ ಕೊಳ್ಳುವ ಮುಂಚೆ ಸ್ಲೆಡ್‌ನವರಿಗೆಂದೇ ನಡೆಸುವ ಹಿಮಕುಸಿತ ತರಬೇತಿಗೆ ದುಡ್ಡು ಕಟ್ಟಿ.

ನೀವು ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ ಅಂತ ಬರೆದಿದ್ದೀರಿ. ಮ್ಯಾನೇಜರ್ ಒಪ್ಪಿಗೆ ಸಾಲದು. ಎಚ್-1ಬಿ ಕೆಲಸದ ಜಾಗಕ್ಕೆ ಅಂಟಿಕೊಂಡಿದೆ. ಡಲ್ಲಾಸ್ ವಲಯದ ಹೊರಗೆ ಮನೆಯಿಂದ ಕೆಲಸ ಮಾಡುವುದಾದರೂ, ಸಿಮಿಯೊ ಎಂಬ ಕಂಪನಿಯ ವಲಸೆ ಪ್ರಕರಣದಲ್ಲಿ ಬಂದ 2015ರ ತೀರ್ಪಿನ ನಂತರ, ಕಂಪನಿ ತಿದ್ದುಪಡಿ ಅರ್ಜಿ ಹಾಕಲೇಬೇಕು. ನೀವು ಜಾಗ ಬದಲಿಸುವ ಮೊದಲೇ ಹಾಕಬೇಕು. ಕಂಪನಿಯ ವಕೀಲರಿಂದ ಇಮೇಲ್ ಬಂದ ಮೇಲೆಯೇ ಪೆಟ್ಟಿಗೆ ಕಟ್ಟಿ. ಟೆಕ್ಸಸ್‌ನಲ್ಲಿ ಇಲ್ಲದ ರಾಜ್ಯ ಆದಾಯ ತೆರಿಗೆ ಐಡಹೊದಲ್ಲಿದೆ. ಮೊಂಟಾನಾದಲ್ಲೂ ಇದೆ, ಆದರೆ ಅಲ್ಲಿ ರಾಜ್ಯದ ಸೇಲ್ಸ್ ಟ್ಯಾಕ್ಸ್ ಇಲ್ಲ. ಆದಾಯ ತೆರಿಗೆಯೇ ಬೇಡ ಅನ್ನುವವರು ಪಕ್ಕದ ವಯೋಮಿಂಗ್‌ನ ಸ್ಟಾರ್ ವ್ಯಾಲಿ ಕಡೆ ನೋಡುತ್ತಾರೆ, ಅಲ್ಲೂ ಸ್ಲೆಡ್ ಟ್ರೇಲ್‌ಗಳು ಸೊಗಸಾಗಿವೆ.

ಊಟದ್ದು ದೊಡ್ಡ ಚಿಂತೆಯಲ್ಲ. ಎತ್ತರದಲ್ಲಿ ನೀರು 94 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ ಬೇಳೆ ಬೇಯುವುದಿಲ್ಲ ಅಂತ ಇಲ್ಲಿಯವರು ಗೊಣಗುತ್ತಾರೆ. ನಮ್ಮ ಮನೆಯಲ್ಲಿ ಕುಕ್ಕರ್ ಇರುತ್ತದಲ್ಲ. ದೋಸೆ ಹಿಟ್ಟನ್ನು ಓವನ್ ಒಳಗೆ ಲೈಟ್ ಹಾಕಿ ಇಟ್ಟರೆ ಹುಳಿ ಬರುತ್ತದೆ. ಅಪ್ಪ-ಅಮ್ಮನನ್ನು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಕರೆಸಿಕೊಳ್ಳಿ. ಚಳಿಗಾಲದಲ್ಲಿ ಕರೆಸಿದರೆ ಅವರಿಗೆ ಕಿಟಕಿಯೇ ಗತಿ.

ಹೆಂಡತಿ ಏನಂತಾರೆ ಅಂತ ನೀವು ಬರೆದಿಲ್ಲ. ಸ್ಲೆಡ್ ನಿಮಗೆ ಶನಿವಾರದ ಸುಖ, ಮಿಕ್ಕ ಆರು ದಿನದ ಕತ್ತಲು ಇಬ್ಬರದೂ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ. ಅವರಿಗೆ ಇಲ್ಲಿ ಸ್ವಂತದ್ದೊಂದು ಏನಾದರೂ ಇರಬೇಕು. ಕೆಲಸವೋ, ಸ್ಕೀಯಿಂಗೋ, ನಾಲ್ಕು ಜನ ಗೆಳತಿಯರೋ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಡಲ್ಲಾಸ್ ಮನೆ ಮಾರದೆ ಬಾಡಿಗೆಗೆ ಕೊಡುತ್ತಿದ್ದೆ. ವೀಸಾ ಕಾಗದ ಸರಿಯಾದ ಮೇಲೆ ರೆಕ್ಸ್‌ಬರ್ಗ್ ಅಥವಾ ಆಶ್ಟನ್‌ನಲ್ಲಿ ಬಾಡಿಗೆ ಮನೆ ಹಿಡಿದು ಒಂದು ವರ್ಷ ಇರುತ್ತಿದ್ದೆ. ಜನವರಿ ಮಾತ್ರ ನೋಡಿ ತೀರ್ಮಾನಿಸಬೇಡಿ, ಜನವರಿಯಲ್ಲಿ ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತದೆ. 2023ರ ಡಿಸೆಂಬರಿನ ಹಾಗೆ ಹಿಮವೇ ಸರಿಯಾಗಿ ಬೀಳದ ವರ್ಷವೂ ಬರುತ್ತದೆ. ಏಪ್ರಿಲ್-ಮೇನಲ್ಲಿ ಸ್ಲೆಡ್‌ಗೆ ಹಿಮ ಸಾಲದು, ನಡೆಯಲು ಕೆಸರು ಜಾಸ್ತಿ, ಜೂನ್‌ನಲ್ಲಿ ಸೊಳ್ಳೆ. ಆ ತಿಂಗಳುಗಳೂ ಹಿಡಿಸಿದರೆ ಆಮೇಲೆ ಐಲ್ಯಾಂಡ್ ಪಾರ್ಕ್‌ನಲ್ಲಿ ಮನೆ ಹುಡುಕಿ, ಪ್ಲೋ ಬರುವ ರಸ್ತೆಯಲ್ಲಿ. ಫೆಬ್ರವರಿಯಲ್ಲಿ ಹುಡುಕಿದರೆ ಇನ್ನೂ ಒಳ್ಳೆಯದು. ಯಾವ ಮನೆಯವರೆಗೆ ಕಾರು ಹೋಗುತ್ತದೆ ಅನ್ನುವುದು ಏಜೆಂಟರ ಮಾತಿಲ್ಲದೆಯೇ ಗೊತ್ತಾಗುತ್ತದೆ.