ರತ್ನಗಂಬಳಿಯ ಕೆಂಪು

ಹಾಸನದ ಚಿತ್ರಕಲಾ ಶಿಕ್ಷಕರೊಬ್ಬರು ಸಿಟ್ಟಿನಿಂದಲೇ ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಫ್ರೆಂಚ್ ಚಿತ್ರಕಾರ ಜೆರೋಮ್‌ನ 'ರತ್ನಗಂಬಳಿ ವ್ಯಾಪಾರಿ' ಯಾಕೆ ಅಚ್ಚು ಹಾಕಿದಿರಿ? ಪೂರ್ವದೇಶಗಳನ್ನು ಯುರೋಪಿನವರ ದಿವಾನಖಾನೆಗೆ ಮಾರಿದವನ ಕೈರೋ ಪೇಟೆಯನ್ನು ಮಕ್ಕಳಿಗೆ ತೋರಿಸಬೇಕೆ?"

ಮೇಷ್ಟ್ರೇ, ಆಕ್ಷೇಪದಲ್ಲಿ ಹುರುಳಿದೆ. ಪಶ್ಚಿಮದವರು ಪೂರ್ವದೇಶಗಳನ್ನು ತಮಗೆ ಬೇಕಾದಂತೆ ಕಲ್ಪಿಸಿಕೊಂಡ ಬಗೆಯನ್ನು ಟೀಕಿಸಿದ ಎಡ್ವರ್ಡ್ ಸಯೀದರ ಪುಸ್ತಕ 'ಓರಿಯೆಂಟಲಿಸಂ' 1978ರಲ್ಲಿ ಬಂದಾಗ ರಕ್ಷಾಪುಟಕ್ಕೆ ಹತ್ತಿದ್ದು ಇದೇ ಜೆರೋಮ್‌ನ ಚಿತ್ರ 'ಹಾವಾಡಿಗ'. ಅದರಲ್ಲಿ ಗೋಡೆಯ ನೀಲಿ ಟೈಲ್ಸ್ ಇಸ್ತಾಂಬುಲದ ಟೋಪ್‌ಕಾಪಿ ಅರಮನೆಯದು, ಹಾವಾಟ ಈಜಿಪ್ಟಿನದು. ಎರಡೂ ಕೂಡಿಕೊಂಡದ್ದು ಜೆರೋಮ್ ಚಿತ್ರ ಬರೆಯುತ್ತಿದ್ದ ಪ್ಯಾರಿಸ್ಸಿನಲ್ಲಿ. ಅವನ ಮಾವ ಗೂಪಿಲ್ ಚಿತ್ರಗಳ ದೊಡ್ಡ ವ್ಯಾಪಾರಿ. ಅಳಿಯನ ಚಿತ್ರಗಳ ಅಚ್ಚುಪ್ರತಿ ಊರೂರಿಗೆ ಹೋದವು. ಇಷ್ಟೂ ಒಪ್ಪಿದೆ.

ಆದರೆ 'ರತ್ನಗಂಬಳಿ ವ್ಯಾಪಾರಿ'ಯನ್ನು ನೋಡಿದಿರಾ? ಸುಮಾರು 1887ರದು, ಈಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದೆ. ಮೇಲಿಂದ ಇಳಿಬಿಟ್ಟ ಆ ದೊಡ್ಡ ಕಂಬಳಿಯ ಮುಂದೆ ಗಿರಾಕಿಗಳೇ ಸಣ್ಣಗೆ ಕಾಣುತ್ತಾರೆ. ಇಳಿಬಿಟ್ಟ ನೇಯ್ಗೆಯನ್ನು ಬರೆಯುವುದು ಹುಡುಗಾಟವಲ್ಲ. ಮೊದಲು ಒಂದೇ ಬಣ್ಣದಲ್ಲಿ ಮಡಿಕೆ, ನೆರಳು; ಆಮೇಲೆ ಬಳ್ಳಿ, ಹೂವು. ಮಡಿಕೆ ತಿರುಗಿದಲ್ಲಿ ಹೂವು ಕಿರಿದಾಗಬೇಕು, ಅಂಚಿನಲ್ಲಿ ಅರ್ಧಕ್ಕೇ ತುಂಡಾಗಬೇಕು. ಹೂವನ್ನು ಚಪ್ಪಟೆಯಾಗಿ ಬರೆದು ಮೇಲೆ ನೆರಳು ಬಳಿದರೆ ಗೋಡೆಗೆ ಅಂಟಿಸಿದ ಕಾಗದ! ಕೆಂಪು ನೆರಳಿಗೆ ಕಪ್ಪು ಬೆರೆಸಿದಿರೋ, ಕೆಸರು. ಹಳೆಯ ಪದ್ಧತಿಯಲ್ಲಿ ತಿಳಿ ಕೆಂಪಿನ ತಳ ಪೂರ್ತಿ ಒಣಗಲು ಬಿಟ್ಟು, ಮಂಜಿಷ್ಠದ ಕೆಂಪನ್ನು ಎಣ್ಣೆಯಲ್ಲಿ ತೆಳುವಾಗಿಸಿ ಗಾಜಿನ ಪದರದಂತೆ ಎಳೆಯುತ್ತಿದ್ದರು. ತಳದ ಪದರಕ್ಕಿಂತ ಮೇಲಿನದರಲ್ಲಿ ಎಣ್ಣೆ ಜಾಸ್ತಿ ಇರಬೇಕು. ತಿರುಗುಮುರುಗಾದರೆ ಮೇಲ್ಪದರ ಬಿರುಕು ಬಿಡುತ್ತದೆ.

ಇನ್ನೊಂದು ಸೂಕ್ಷ್ಮ. ಗಂಟು ಹಾಕಿ ನೇಯ್ದ ಕಂಬಳಿಯ ಉಣ್ಣೆ ಒಂದೇ ಕಡೆಗೆ ಮಲಗಿರುತ್ತದೆ. ಒಂದು ತುದಿಯಿಂದ ನೋಡಿದರೆ ತಿಳಿ, ಇನ್ನೊಂದರಿಂದ ಗಾಢ. ಅದಕ್ಕೇ ಬಲ್ಲ ಗಿರಾಕಿ ಎರಡೂ ಕಡೆಯಿಂದ ನೋಡಿ, ಹಿಂಬದಿ ಮಗುಚಿ ಗಂಟು ಎಣಿಸುತ್ತಾನೆ. (ನಮ್ಮ ನವಲಗುಂದದ ಜಮಖಾನಕ್ಕೆ ಈ ಹೊಳಪಿನಾಟವಿಲ್ಲ, ಅದು ಚಪ್ಪಟೆ ನೇಯ್ಗೆ.)

ನನ್ನ ತಕರಾರು ಜೆರೋಮ್‌ನ ವಕಾಲತ್ತಿಗಿಂತ ದೊಡ್ಡದು. ಈಗ ನಮ್ಮಲ್ಲಿ ವಿದ್ಯಾರ್ಥಿಗೆ 'ವಸಾಹತುಶಾಹಿ ನೋಟ' ಎಂಬ ಮಾತು ಮೊದಲು ಬರುತ್ತದೆ, ನೋಟ ಆಮೇಲೆ. ಎಷ್ಟೋ ಸಲ ಬರುವುದೇ ಇಲ್ಲ. ಇವನು ಎಲ್ಲಿ ಸುಳ್ಳು ಹೇಳಿದ ಎಂದು ಬೆರಳಿಟ್ಟು ತೋರಿಸಲಿಕ್ಕಾದರೂ ಟೈಲ್ಸ್ ಯಾವ ಊರಿನದೆಂದು ಗುರುತು ಹಿಡಿಯುವ ಕಣ್ಣು ಬೇಕಲ್ಲವೆ? ನಮ್ಮದೂ ತಪ್ಪಿದೆ. ಅಚ್ಚಿನಲ್ಲಿ ಕೆಂಪು ಬರುವುದು ಮಜೆಂಟಾ ಎಂಬ ಗುಲಾಬಿಗೆಂಪು ಶಾಯಿ, ಹಳದಿ ಸೇರಿ. ಸಯಾನ್ ಎಂಬ ನೀಲಿ ಶಾಯಿ ಒಂದಿಷ್ಟು ಹೆಚ್ಚಾಯಿತು, ಒರಟು ಕಾಗದ ಶಾಯಿ ಹೀರಿತು, ರತ್ನಗಂಬಳಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ನೀವು ಅದಕ್ಕೆ ಬೈದಿದ್ದರೆ ಬಾಯಿ ಮುಚ್ಚಿ ಕೇಳಿಸಿಕೊಳ್ಳುತ್ತಿದ್ದೆ.

ಮಕ್ಕಳಿಗೆ ತೋರಿಸಿ, ಮೇಷ್ಟ್ರೇ. ಹಾವಾಡಿಗನ ಕಥೆಯನ್ನೂ ಹೇಳಿ. ಆಮೇಲೆ ಕುರ್ಚಿಯ ಬೆನ್ನಿಗೆ ಒಂದು ಚೌಕಳಿ ಲುಂಗಿ ಇಳಿಬಿಟ್ಟು, ಬರೀ ಪೆನ್ಸಿಲ್ಲಿನಲ್ಲಿ ಮೂರು ಮಡಿಕೆ ಬರೆಯಲು ಹೇಳಿ. ಚೌಕ ಎಲ್ಲಿ ಓರೆಯಾಯಿತು, ಎಲ್ಲಿ ಮಾಯವಾಯಿತು ಎಂಬುದನ್ನು ಅವರೇ ಗುರುತು ಮಾಡಲಿ.