ಗೋಡೆಯ ಸಾಕೆಟ್‌ಗಳು ಎದ್ದು ಕಾಣದಂತೆ ಮಾಡುವುದು ಹೇಗೆ?

ಯಾವ ಪೀಠೋಪಕರಣ ಎಲ್ಲಿ ಬರುತ್ತದೆ ಎಂದು ಮೊದಲು ಗೋಡೆ ಮೇಲೆ ಗುರುತು ಹಾಕಿ, ಆಮೇಲೆ ಸಾಕೆಟ್‌ನ ಜಾಗ ಗೊತ್ತು ಮಾಡಿ. ಟಿವಿ ಹಿಂದೆ, ಮಂಚದ ಪಕ್ಕ, ಅಡುಗೆಮನೆಯ ಮೇಲಿನ ಕಪಾಟಿನ ಅಡಿ ಒಳ್ಳೆಯ ಜಾಗಗಳು. ಬಯಲಲ್ಲೇ ಉಳಿಯುವ ಸಾಕೆಟ್‌ಗೆ ಗೋಡೆಯ ಬಣ್ಣದ್ದೇ ಪ್ಲೇಟ್ ಹಾಕಿಸಿ. ಕಣ್ಣಿಗೆ ರಾಚುವುದು ಬಣ್ಣದ ವ್ಯತ್ಯಾಸ. ಬೂದು ಗೋಡೆಯ ಮೇಲೆ ಬಿಳಿ ಚೌಕ ದೂರದಿಂದಲೇ ಕಾಣುತ್ತದೆ, ಅಲ್ವಾ?

ಆದರೆ ಮರೆಮಾಡುವ ಭರದಲ್ಲಿ ಸೋಫಾವನ್ನು ಸಾಕೆಟ್‌ಗೆ ಒತ್ತಿ ಇಡಲೇಬೇಡಿ. ಪ್ಲಗ್ ಓರೆಯಾದರೆ ಪಿನ್ ಸಡಿಲವಾಗುತ್ತದೆ. ಸಡಿಲವಾದ ಕಡೆ ಕರೆಂಟ್ ಹರಿಯಲು ತಡೆ ಜಾಸ್ತಿ, ಹಾಗಾಗಿ ಅಲ್ಲೇ ಬಿಸಿಯೇರುತ್ತದೆ. ಪಿನ್ ಸುತ್ತಲಿನ ಪ್ಲಾಸ್ಟಿಕ್ ಕಂದುಗಟ್ಟಿದ್ದರೆ ತಕ್ಷಣ ಬದಲಿಸಿ. ಹೀಟರ್, ಇಸ್ತ್ರಿಪೆಟ್ಟಿಗೆಯ ಸಾಕೆಟ್ ಮಾತ್ರ ಕೈಗೆಟುಕುವಂತೆ ಹೊರಗೇ ಇರಲಿ.